ಹಿಂಬಾಗಿಲಿನ ನಿಯಮ

“ನಮ್ಮ ರಾಯರು ಇನ್ನೂ ಯೋಚನೆ ಮಾಡ್ತಿದ್ದಾರೆ,” ಎಂದಳು ಅವಳು, ಕಿಟಕಿಯ ಕಡೆ ನೋಡುತ್ತ. “ಬೆಳಿಗ್ಗೆಯಿಂದ ಒಂದು ಮಾತಿಲ್ಲ. ಹೂಂ ಅನ್ನಲ್ಲ, ಉಹೂಂ ಅನ್ನಲ್ಲ.”

ಬೆಲ್ಲಣ್ಣ ಕೈಯಲ್ಲಿದ್ದ ಚಹಾದ ಲೋಟವನ್ನು ಮೇಜಿನ ಮೇಲಿಟ್ಟ. ಇಟ್ಟದ್ದು ತುಸು ಜೋರಾಯಿತು. ಅವಳಿಗೆ ಮದುವೆಯಾಗಿದೆ ಎಂದು ಇಷ್ಟು ದಿನ ಅವನಿಗೆ ಯಾರೂ ಹೇಳಿರಲಿಲ್ಲ. ಕೊರಳು, ಬೆರಳು ಎಲ್ಲ ಅವನು ಮೊದಲ ದಿನವೇ ಕಳ್ಳನಂತೆ ನೋಡಿಕೊಂಡಿದ್ದ. ಅಲ್ಲೂ ಅಂಥ ಸುಳಿವಿರಲಿಲ್ಲ. ರಾಯರು ಯೋಚನೆ ಮಾಡಲಿ ಬಿಡಿ ಎಂದಷ್ಟೇ ಹೇಳಿ ಅವನು ಮೆಟ್ಟಿಲಿಳಿದು ಹೋದ.

ಅವನು ಆ ನಾಟಕಮಂದಿರದ ಸ್ಟೇಜ್ ಮ್ಯಾನೇಜರ್. ಆಟ ಶುರುವಾಗುವ ಮುನ್ನ ಬೆಲ್ ಹೊಡೆಯುವವನು ಅವನೇ ಆದ್ದರಿಂದ ಸೆಟ್ ಎಳೆಯುವವರು ಬೆಲ್ಲಣ್ಣ ಎಂದು ಕರೆದು, ಅದೇ ಹೆಸರಾಗಿ ನಿಂತಿತ್ತು. ಅಲ್ಲೇ ವೇಷಭೂಷಣದ ಕೋಣೆ ನೋಡಿಕೊಳ್ಳುತ್ತಿದ್ದ ಅವನ ಅಕ್ಕ ಮಾತ್ರ, ಹೆಸರಲ್ಲಿರುವ ಬೆಲ್ಲ ನಾಲಿಗೆಯಲ್ಲೂ ಇದ್ದಿದ್ದರೆ ಇಷ್ಟು ಹೊತ್ತಿಗೆ ಇವನಿಗೆ ಎರಡು ಮಕ್ಕಳಿರುತ್ತಿದ್ದವು ಎನ್ನುತ್ತಿದ್ದಳು.

ಮೇಲಿನ ಸಣ್ಣ ಕೋಣೆಯಲ್ಲಿ ಕೂತವಳನ್ನು ಎಲ್ಲರೂ ಲಾಜಿಕ್ ಮೇಡಂ ಎನ್ನುತ್ತಿದ್ದರು. ಆಡಳಿತದವರು ಅವಳನ್ನು ಕರೆಸಿದ್ದು ಒಂದು ತಲೆನೋವಿಗೆ ಮದ್ದು ಹುಡುಕಲು. ಚಾವಣಿಯ ದುರಸ್ತಿಗೆಂದು ಮಂದಿರ ವಾರವಿಡೀ ಮುಚ್ಚಿರುತ್ತದೆ, ಇನ್ನು ಶನಿವಾರ ಮಾತ್ರ ಆಟ ಎಂದು ತೀರ್ಮಾನವಾಗಿತ್ತು. ಹಾಗಾಗಿ ಮಧ್ಯಾಹ್ನ ಮಕ್ಕಳ ನಾಟಕ, ಸಂಜೆ ದೊಡ್ಡವರ ನಾಟಕ, ಎರಡೂ ಒಂದೇ ದಿನ ಆಗಬೇಕು. ನಡುವೆ ಸಿಗುವ ಅಷ್ಟಿಷ್ಟು ಹೊತ್ತಿನಲ್ಲಿ ಕಾಡು, ಕರಡಿಯ ಗುಹೆ, ಮರದ ಸೇತುವೆ ಹೊರಗೆ ಹೋಗಿ, ಅರಮನೆ, ಕಂಬಗಳು, ಮೆಟ್ಟಿಲು ಒಳಗೆ ಬರಬೇಕು. ಒಂದನ್ನು ತೆಗೆಯಲು ಇನ್ನೊಂದು ಅಡ್ಡ, ಅದನ್ನು ಸರಿಸಲು ಮೂರನೆಯದು ಅಡ್ಡ. ಆಗದಿದ್ದರೆ ಮಕ್ಕಳ ನಾಟಕವನ್ನು ನಿಲ್ಲಿಸುತ್ತೇವೆ ಎಂದು ಆಡಳಿತಾಧಿಕಾರಿ ಮೊದಲೇ ಹೇಳಿಬಿಟ್ಟಿದ್ದರು.

ರಾಯರ ಸುದ್ದಿ ಕೇಳಿದ ಮೇಲೆ ಬೆಲ್ಲಣ್ಣ ಎರಡು ದಿನ ಮೇಲಕ್ಕೆ ಹತ್ತಲಿಲ್ಲ. ಮೂರನೇ ದಿನ ತಡೆಯಲಾರದೆ ಹೋದ. ಅವಳು ಕೇಳಿದ್ದಕ್ಕೆಲ್ಲ ಅಳೆದು ಸುರಿದು ಉತ್ತರ ಕೊಟ್ಟ. ಕೊನೆಗೆ ಕಿಟಕಿಯ ಕೊಂಡಿ ಸರಿಮಾಡುವವನಂತೆ ಬೆನ್ನು ತಿರುಗಿಸಿ, “ಅಂದ ಹಾಗೆ, ಮನೆಯವರು ಏನು ಕೆಲಸ ಮಾಡೋದು?” ಎಂದ.

“ಯಾರ ಮನೆಯವರು?”

“ನಿಮ್ಮ ರಾಯರು.”

ಅವನು ತಿರುಗಿ ನೋಡಿದರೆ ಅವಳು ಕನ್ನಡಕವನ್ನು ಹಣೆಗೇರಿಸಿ, ಕೆಳತುಟಿ ಕಚ್ಚಿ ಹಿಡಿದು ಅವನನ್ನೇ ನೋಡುತ್ತಿದ್ದಳು. ನಗು ಮೊದಲು ಕಣ್ಣಿನ ಮೂಲೆಗೆ ಬಂತು, ಅಲ್ಲಿಂದ ಕೆನ್ನೆಗಿಳಿಯಿತು, ಆಮೇಲೆ ಭುಜಗಳು ಅಲುಗಾಡತೊಡಗಿದವು. ಅವಳು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ಕಪ್ಪು ಪರದೆಯ ಮೇಲೆ ಅಂಕಿಗಳು ಓಡುತ್ತಿದ್ದವು.

“ಇವರೇ. ಕೂತಲ್ಲಿಂದ ಏಳಲ್ಲ, ಕೇಳಿದ್ದಕ್ಕೆ ಉತ್ತರ ಕೊಡಲ್ಲ, ಸುಮ್ನೆ ಬಿಸಿಯಾಗ್ತಾರೆ. ಅದಕ್ಕೆ ರಾಯರು ಅಂತ ಕರೀತೀನಿ.”

ಬೆಲ್ಲಣ್ಣನ ಕಿವಿ ಕೆಂಪಾಯಿತು. ಆದರೆ ಅಂದು ಅವನು ಮೆಟ್ಟಿಲಿಳಿದ ರೀತಿ ಕಂಡ, ಸೆಟ್ ಕಟ್ಟುವ ಬಡಗಿ, ಯಾರಿಗೆ ಲಾಟರಿ ಹೊಡೆಯಿತು ಎಂದು ಅಕ್ಕನನ್ನು ಕೇಳಿದನಂತೆ.

ಆಮೇಲೆ ಅವಳ ಕೆಲಸ ಅವನಿಗೆ ನಿಧಾನವಾಗಿ ಅರ್ಥವಾಯಿತು. ಯಾವುದನ್ನು ಮೊದಲು ಎಳೆಯಬೇಕು ಎಂದು ಅವಳು ತಲೆ ಕೆಡಿಸಿಕೊಳ್ಳುತ್ತಲೇ ಇರಲಿಲ್ಲ. ಹೊತ್ತನ್ನು ಹೆಜ್ಜೆಗಳಾಗಿ ಕತ್ತರಿಸುತ್ತಿದ್ದಳು. ಮೊದಲ ಹೆಜ್ಜೆಯಲ್ಲಿ ಗುಹೆ ತಿರುಗುವೇದಿಕೆಯ ಮೇಲಿದೆ, ಎರಡನೇ ಹೆಜ್ಜೆಯಲ್ಲಿ ಸೇತುವೆ ಗೋದಾಮಿನಲ್ಲಿದೆ, ಹೀಗೆ ಹೌದು ಅಥವಾ ಅಲ್ಲ ಎನ್ನಬಹುದಾದ ಪುಟ್ಟ ಮಾತುಗಳು, ಲಕ್ಷಗಟ್ಟಲೆ. ಮೇಲೆ ನಿಯಮಗಳು: ಮೆಟ್ಟಿಲನ್ನು ಸರಿಸಬೇಕಾದರೆ ಅದಕ್ಕೆ ಮೊದಲು ಏನು ನಿಜವಾಗಿರಬೇಕು, ಸರಿಸಿದ ಮೇಲೆ ಏನು ನಿಜವಾಗುತ್ತದೆ, ಯಾವೆರಡು ಒಂದೇ ಜಾಗದಲ್ಲಿ ಇರಬಾರದು. ಎಲ್ಲವನ್ನೂ ಸೇರಿಸಿ ಒಂದೇ ಒಂದು ಭಾರಿ ವಾಕ್ಯ ಕಟ್ಟಿ ಸಾಲ್ವರ್ ಎಂಬ ಆ ಪ್ರೋಗ್ರಾಮಿಗೆ, ಅಂದರೆ ರಾಯರಿಗೆ, ಕೊಡುವುದು. ಯಾವುದಕ್ಕೆ ಹೌದು, ಯಾವುದಕ್ಕೆ ಅಲ್ಲ ಎಂದರೆ ಇಡೀ ವಾಕ್ಯ ನಿಜವಾಗುತ್ತದೆ ಎಂದು ರಾಯರು ಹುಡುಕಬೇಕು. ಸಿಕ್ಕರೆ, ಹೌದು ಎಂದವನ್ನು ಸಾಲಾಗಿ ಓದಿಕೊಂಡರೆ ಅದೇ ಯೋಜನೆ.

ಮೊದಲ ಯೋಜನೆ ಬಂದಾಗ ಅವಳು ಹೆಮ್ಮೆಯಿಂದ ಪ್ರಿಂಟ್ ತಂದು ಕೊಟ್ಟಳು. ಬೆಲ್ಲಣ್ಣ ಓದಿದ. ಎರಡನೇ ಹೆಜ್ಜೆಯಲ್ಲಿ ವೇದಿಕೆಯ ಮೇಲಿದ್ದ ಕಾಡು, ಮೂರನೇ ಹೆಜ್ಜೆಯಲ್ಲಿ ಯಾರೂ ಮುಟ್ಟದೆ ಗೋದಾಮಿಗೆ ಹೋಗಿ ಕೂತಿತ್ತು.

“ಮೇಡಂ, ಈ ಕಾಡಿಗೆ ಕಾಲು ಬಂದಿದೆ.”

ಅವಳು ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು. ಜಡೆಯ ತುದಿ ಅವನ ಮುಂಗೈಗೆ ತಾಗಿತು. ಅವನು ಕೈಯನ್ನು ಕದಲಿಸಲಿಲ್ಲ. ಮುಟ್ಟದೇ ಇದ್ದದ್ದು ಇದ್ದಲ್ಲೇ ಇರುತ್ತದೆ ಎಂದು ತಾನು ಹೇಳುವುದನ್ನೇ ಮರೆತೆ, ನಮಗೆ ಗೊತ್ತಿರುವುದು ರಾಯರಿಗೆ ಹೇಳದೆ ಗೊತ್ತಾಗುವುದಿಲ್ಲ ಎಂದು ಅವಳು ಹಣೆ ಚಚ್ಚಿಕೊಂಡಳು. ಅವರಿಬ್ಬರೂ ಅಂದು ಸಂಜೆಯವರೆಗೂ ಒಂದೊಂದು ಸೆಟ್ಟಿಗೂ ಆ ಮಾತನ್ನು ಸೇರಿಸುತ್ತ ಕೂತರು. ಅವಳು ಓದುವುದು, ಅವನು ಹೂಂಗುಟ್ಟುವುದು. ಜೀವನವಿಡೀ ಇದೇ ಕೆಲಸ ಕೊಟ್ಟರೂ ಸಂಬಳ ಕೇಳುವುದಿಲ್ಲ ಎಂದು ಅವನಿಗನ್ನಿಸಿತು.

ಆದರೆ ಆ ಮಾತುಗಳೆಲ್ಲ ಸೇರಿ ವಾಕ್ಯ ಬೆಟ್ಟದಷ್ಟಾಯಿತು. ರಾಯರು ಕೂತಲ್ಲೇ ಕಲ್ಲಾದರು. ಆಗ ಅವಳು ಫೋನ್ ಮಾಡಿ ಗುಂಗುರನನ್ನು ಕರೆಸಿದಳು.

ಗುಂಗುರ ಆ ಸಾಲ್ವರನ್ನು ಬರೆದವನು, ಅವಳ ಕಾಲೇಜಿನ ಗೆಳೆಯ. ಎತ್ತರದ ಆಳು, ತಲೆತುಂಬ ಗುಂಗುರು ಕೂದಲು, ಬಾಗಿಲಿಗೆ ಬರುವ ಮೊದಲೇ ನಗು ಒಳಗೆ ಬರುತ್ತಿತ್ತು. ಬಂದವನೇ ಪರದೆ ನೋಡಿ, “ಲೇ, ನಿನ್ನ ವಾಕ್ಯಕ್ಕೆ ಬೊಜ್ಜು ಬಂದಿದೆ ಕಣೇ,” ಎಂದ. ಅವಳು ಪೆನ್ಸಿಲಿನಿಂದ ಅವನ ತೋಳಿಗೆ ಹೊಡೆದಳು.

ಬೆಲ್ಲಣ್ಣ ಬಾಗಿಲಲ್ಲೇ ನಿಂತಿದ್ದ. ಅವಳು ಇವನಿಗೆ ಇನ್ನೂ ನೀವು ಎನ್ನುತ್ತಿದ್ದಳು. ಇವನು ಅವಳಿಗೆ ನೀವು, ಮೇಡಂ, ಸ್ವಲ್ಪ ಧೈರ್ಯ ಬಂದ ದಿನ ಬರೀ ನೀವು. ಅಲ್ಲಿ ನೋಡಿದರೆ ಲೇ, ಕಣೇ, ಹೋಗೋ, ಬಾರೋ. ಅವಳು ಕುರ್ಚಿಯ ಮೇಲೆ ಕಾಲು ಮಡಚಿ ಕೂತದ್ದನ್ನು ಅವನು ಅಂದೇ ಮೊದಲು ಕಂಡ. ಇಬ್ಬರೂ ಪರದೆಯ ಮೇಲಿನ ಯಾವುದೋ ಒಂದು ಚಿಹ್ನೆಯನ್ನು ತೋರಿಸಿಕೊಂಡು ಬಿದ್ದು ಬಿದ್ದು ನಕ್ಕರು. ಅದರಲ್ಲಿ ನಗುವಂಥದ್ದೇನಿದೆ ಎಂದು ಅವನು ಆಮೇಲೆ ಒಬ್ಬನೇ ಹೋಗಿ ಆ ಚಿಹ್ನೆಯನ್ನು ದಿಟ್ಟಿಸಿ ನೋಡಿದ. ತಲೆಕೆಳಗಾದ ಒಂದು ಕೊಕ್ಕೆ, ಅಷ್ಟೇ.

ವೇಷಭೂಷಣದ ಕೋಣೆಯಲ್ಲಿ ಅಕ್ಕ ಸೈನಿಕರ ಅಂಗಿಗಳನ್ನು ಮಡಚುತ್ತಿದ್ದಳು. ತಮ್ಮ ಒಳಗೆ ಬಂದು ಸುಮ್ಮನೆ ಸ್ಟೂಲಿನ ಮೇಲೆ ಕೂತದ್ದನ್ನು ಸ್ವಲ್ಪ ಹೊತ್ತು ನೋಡಿದಳು.

“ಏನೋ ಸುಟ್ಟ ವಾಸನೆ ಬರ್ತಿದೆ,” ಎಂದಳು. “ಇಸ್ತ್ರಿಪೆಟ್ಟಿಗೆ ಆಫ್ ಮಾಡಿದ್ದೀನಿ. ನಿನ್ನ ಹೊಟ್ಟೆನೇ ಇರಬೇಕು.”

ಅವನು ಅಂಥದ್ದೇನಿಲ್ಲ ಎಂದ. ಇದ್ದರೆ ಹೋಗಿ ಹೇಳು, ಇಲ್ಲದಿದ್ದರೆ ಎದ್ದು ಹೋಗಿ ಕೆಲಸ ನೋಡು, ಇಲ್ಲಿ ಹೊಗೆ ಹಾಕಬೇಡ ಎಂದು ಅಕ್ಕ ಅಂಗಿ ಮಡಚುವುದನ್ನು ಮುಂದುವರಿಸಿದಳು. ಅವನು ಹೇಳಲೂ ಇಲ್ಲ, ಕೆಲಸವನ್ನೂ ಸರಿಯಾಗಿ ನೋಡಲಿಲ್ಲ. ಆ ವಾರವೆಲ್ಲ ಏನಾದರೊಂದು ನೆವ ಮಾಡಿಕೊಂಡು ಮೇಲಿನ ಕೋಣೆಯ ಮುಂದೆ ಸುಳಿದಾಡಿದ. ಒಳಗೆ ನಗು ಕೇಳಿದರೆ ಸಂಕಟ. ಕೇಳದಿದ್ದರೆ, ಯಾಕೆ ಇಷ್ಟು ಮೌನ ಎಂದು ಇನ್ನೂ ಹೆಚ್ಚಿನ ಸಂಕಟ.

ಗುಂಗುರ ರಾಯರನ್ನು ರಿಪೇರಿ ಮಾಡಿದ. ಆಮೇಲೆ, ನಿಯಮಗಳನ್ನೆಲ್ಲ ಒಮ್ಮೆ ಸರಿನೋಡಿಬಿಡೋಣ, ಬೇಡದ್ದಿದ್ದರೆ ತೆಗೆಯೋಣ ಎಂದ. ಮೂವರೂ ಕೂತರು. ಅವಳು ಒಂದೊಂದನ್ನೇ ಓದಿದಳು, ಬೆಲ್ಲಣ್ಣ ಹೌದು, ಅಲ್ಲ ಎನ್ನುತ್ತ ಹೋದ. ಗುಂಗುರನ ತೋಳು ಅವಳ ಕುರ್ಚಿಯ ಬೆನ್ನ ಮೇಲೆ ಆರಾಮವಾಗಿ ಒರಗಿತ್ತು. ಅವನ ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತಿತ್ತು. ಅವಳು ಪರದೆಯಿಂದ ಕಣ್ಣು ತೆಗೆಯದೆ ಕೈಚಾಚಿ ಅದನ್ನು ಕಸಿದು ಬಾಯಿಗೆ ಹಾಕಿಕೊಂಡಳು. ಹಾಕಿಕೊಳ್ಳುತ್ತಲೇ ಕೇಳಿದಳು.

“ಆಟ ನಡೀತಿರುವಾಗ ಹಿಂಬಾಗಿಲು ತೆರೀಬಹುದು, ಅಲ್ವಾ?”

“ಇಲ್ಲ,” ಎಂದ ಬೆಲ್ಲಣ್ಣ. “ತೆರೆಯೋ ಹಾಗಿಲ್ಲ.”

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಕನ್ನಡಕದ ಹಿಂದೆ ಕಣ್ಣುಗಳು ಒಂದು ಗಳಿಗೆ ಅವನ ಮುಖದ ಮೇಲೆ ನಿಂತವು. ಅವನು ಕಣ್ಣು ತಪ್ಪಿಸಲಿಲ್ಲ. ಅವಳು ಮತ್ತೆ ತಲೆ ತಗ್ಗಿಸಿ ಟೈಪ್ ಮಾಡಿದಳು.

ಅದು ಸುಳ್ಳು. ಮಕ್ಕಳ ನಾಟಕದ ಕೊನೆಯಲ್ಲಿ ಬಿರುಗಾಳಿಯ ದೃಶ್ಯವಿದೆ. ನಗಾರಿಯ ಸದ್ದಿನಲ್ಲಿ ಆ ಬಾಗಿಲು ತೆರೆದರೆ ಮುಂದಿನ ಸಾಲಿನವರಿಗೂ ಕೇಳುವುದಿಲ್ಲ. ಹಾಗೆ ತೆರೆದು ಎಷ್ಟೋ ಸಲ ಸಾಮಾನು ಒಳಗೆ ತಂದದ್ದಿದೆ. ಯಾಕೆ ಇಲ್ಲವೆಂದೆ ಎಂದು ಅವನಿಗೇ ತಕ್ಷಣ ಹೊಳೆಯಲಿಲ್ಲ. ಮೆಟ್ಟಿಲಿಳಿಯುವಾಗ ಹೊಳೆಯಿತು. ಗುಂಗುರನ ರಾಯರು ಒಮ್ಮೆ ಸೋಲಲಿ. ಇವನು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಲಿ.

ರಾಯರು ಈ ಸಲ ಬೇಗನೆ ಉತ್ತರ ಕೊಟ್ಟರು. ಆಗುವುದಿಲ್ಲ. ಹೆಜ್ಜೆ ಹೆಚ್ಚಿಸಿ ಕೇಳಿದರು, ಆಗುವುದಿಲ್ಲ. ಸಿಗುವ ಹೊತ್ತಿನಲ್ಲಿ ಹಿಡಿಸುವಷ್ಟು ಹೆಜ್ಜೆಗಳನ್ನೆಲ್ಲ ಕೊಟ್ಟು ಕೇಳಿದರೂ ಅದೇ ಉತ್ತರ. ಅವಳು ಅದನ್ನು ಆಡಳಿತಾಧಿಕಾರಿಗೆ ಹೇಳಿ ಬರುವಾಗ ಅವಳ ಮುಖ ಸಪ್ಪಗಿತ್ತು. ಮಕ್ಕಳ ನಾಟಕ ಈ ತಿಂಗಳಿಗೆ ಕೊನೆ ಎಂದು ಮಧ್ಯಾಹ್ನವೇ ಎಲ್ಲರಿಗೂ ತಿಳಿಯಿತು. ಅದನ್ನೇ ನಂಬಿಕೊಂಡಿದ್ದ ಬಡಗಿ ಮತ್ತು ಇನ್ನಿಬ್ಬರು ಬೇರೆ ಕೆಲಸ ಹುಡುಕಿಕೊಳ್ಳಬೇಕಾಗಿತ್ತು.

ಬೆಲ್ಲಣ್ಣ ಅಕ್ಕನ ಕೋಣೆಗೆ ಹೋದ. ಅವಳು ಕರಡಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅದರ ಹರಿದ ಕಿವಿ ಹೊಲಿಯುತ್ತಿದ್ದಳು. ಇನ್ನು ಅದು ಯಾರಿಗೆ ಬೇಕು ಎಂದು ಅವನ ಬಾಯಿಂದ ಬಂದುಬಿಟ್ಟಿತು.

“ಹರಿದದ್ದನ್ನ ಹಾಗೇ ಪೆಟ್ಟಿಗೆಗೆ ಹಾಕಬಾರದು ಕಣೋ,” ಎಂದಳು ಅಕ್ಕ, ದಾರವನ್ನು ಹಲ್ಲಿನಿಂದ ಕಡಿದು.

ಆ ರಾತ್ರಿ ಅವನಿಗೆ ಅನ್ನ ಇಳಿಯಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಮಂದಿರಕ್ಕೆ ಬಂದು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಮೆಟ್ಟಿಲು ಹತ್ತಿದ. ಅರ್ಧ ದಾರಿಯಲ್ಲಿ ಅವಳು ಇಳಿದು ಬರುತ್ತಿದ್ದಳು. ಕೈಯಲ್ಲಿ ಒಂದು ಹಾಳೆ.

ಆಗುವುದಿಲ್ಲ ಎಂದಾಗ ಯಾಕೆ ಆಗುವುದಿಲ್ಲ ಎಂದು ರಾಯರನ್ನು ಕೇಳಬಹುದಂತೆ. ಲಕ್ಷಗಟ್ಟಲೆ ಮಾತುಗಳಲ್ಲಿ ಒಂದಕ್ಕೊಂದು ತಾಕಲಾಡುವ ಕೆಲವನ್ನಷ್ಟೇ ಸೋಸಿ ಅವರು ಮುಂದಿಡುತ್ತಾರೆ. ಗುಂಗುರ ಹಿಂದಿನ ಸಂಜೆ ಅದನ್ನು ಕೇಳಿದ್ದ. ಹಾಳೆಯ ಮೇಲೆ ನಾಲ್ಕಾರು ಸಾಲು. ನಡುವೆ ಒಂದರ ಕೆಳಗೆ ಅವಳು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು.

“ಇದೊಂದನ್ನ ತೆಗೆದ ತಕ್ಷಣ ಯೋಜನೆ ಸಿಗ್ತು,” ಎಂದಳು. “ಹಿಂಬಾಗಿಲು. ಇದು ನಿಜನಾ?”

“ಅಲ್ಲ. ಅದನ್ನ ಹೇಳೋಕೇ ಬರ್ತಿದ್ದೆ.”

ಆ ಮಾತು ಎಷ್ಟು ಪೊಳ್ಳಾಗಿ ಕೇಳಿಸಿತು ಎಂದು ಅವನಿಗೇ ಗೊತ್ತಾಯಿತು. ಅವಳು ಕನ್ನಡಕ ತೆಗೆದಳು. ಬರಿಗಣ್ಣು ಕೆಂಪಾಗಿತ್ತು.

“ಆ ಬಾಗಿಲು ಬಿರುಗಾಳಿ ದೃಶ್ಯದಲ್ಲಿ ತೆರೆದದ್ದನ್ನ ನಾನೇ ನೋಡಿದ್ದೀನಿ. ಇಲ್ಲಿಗೆ ಬಂದ ಮೊದಲ ಶನಿವಾರ, ನಿನ್ನ ಅಕ್ಕ ಬಟ್ಟೆ ಸ್ಟ್ಯಾಂಡ್ ತಳ್ಕೊಂಡು ಬಂದ್ರು. ಕಣ್ಣಾರೆ ಕಂಡಿದ್ದೆ. ಆದ್ರೂ ನೀನು ಇಲ್ಲ ಅಂದೆ, ನಾನು ಬರ್ಕೊಂಡೆ. ನನ್ನ ಕಣ್ಣಿಗಿಂತ ನಿನ್ನ ಮಾತು ಹೆಚ್ಚು ಅಂದ್ಕೊಂಡೆ. ನನಗೆ ಬೇಜಾರಾಗಿರೋದು ಅದು.”

ಮೊದಲ ಸಲ ಅವಳ ಬಾಯಲ್ಲಿ ನೀನು ಬಂದಿತ್ತು. ತಲೆ ತಗ್ಗಿಸಿ ನಿಂತವನ ಎದೆ ಅಷ್ಟಕ್ಕೇ ಒಮ್ಮೆ ಹಾರಿತು. ಹಾರಿದ್ದಕ್ಕೆ ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

“ಯಾಕೆ?” ಎಂದಳು.

“ಹೊಟ್ಟೆಕಿಚ್ಚು,” ಎಂದ. “ಅವರು ನಿಮ್ಮನ್ನ ಲೇ ಅಂತಾರೆ.”

ಅವಳು ಹಾಳೆಯನ್ನು ಅವನ ಕೈಗೆ ಕೊಟ್ಟು, ಆಡಳಿತಾಧಿಕಾರಿಗೆ ತಾನು ಹೇಳುವುದಿಲ್ಲ, ಯಾರು ಹೇಳಬೇಕೋ ಅವರೇ ಹೇಳಲಿ ಎಂದು ಪಕ್ಕದಿಂದ ಇಳಿದು ಹೋದಳು.

ಅವನೇ ಹೇಳಿದ. ಆಡಳಿತಾಧಿಕಾರಿಯ ಮುಂದೆ ಹೇಳಿದ, ಆಮೇಲೆ ಸೆಟ್ ಎಳೆಯುವವರನ್ನೆಲ್ಲ ವೇದಿಕೆಯ ಮೇಲೆ ಕರೆದು ಅವರ ಮುಂದೆಯೂ ಹೇಳಿದ. ಕಾರಣ ಮಾತ್ರ ಬಿಟ್ಟುಬಿಟ್ಟ. ಆಗಲೇ ಗೊತ್ತಿದ್ದರಿಂದ ಅದನ್ನು ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಮಕ್ಕಳ ನಾಟಕ ಉಳಿಯಿತು. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದ, ಬೈದು ಬಿಟ್ಟರು. ಬಡಗಿ ಒಂದು ವಾರ ಅವನ ಕಡೆ ಮುಖ ಹಾಕಲಿಲ್ಲ. ಅಕ್ಕ ಮಾತು ನಿಲ್ಲಿಸಿದಳು, ಊಟದ ಡಬ್ಬಿಯನ್ನು ಮಾತ್ರ ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದಳು. ಡಬ್ಬಿಯಲ್ಲಿ ಉಪ್ಪು ಇರುತ್ತಿರಲಿಲ್ಲ.

ಲಾಜಿಕ್ ಮೇಡಂ ಕೆಲಸದ ಮಾತಷ್ಟೇ ಆಡುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಬಡಗಿಯನ್ನೂ ಒಮ್ಮೆ ಕೇಳಿಯೇ ಬರೆದುಕೊಳ್ಳುತ್ತಿದ್ದಳು. ಅದು ಸರಿಯೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ, ಅವಳು ಬಡಗಿಯ ಕಡೆ ತಿರುಗಿದಾಗಲೆಲ್ಲ ಅವನಿಗೆ ಬಡಗಿಯ ಮೇಲೂ ಹೊಟ್ಟೆ ಉರಿಯುತ್ತಿತ್ತು.

ಗುಂಗುರ ಹೊರಡುವ ದಿನ ಬೆಲ್ಲಣ್ಣ ಬಸ್ ನಿಲ್ದಾಣದವರೆಗೆ ಅವನ ಚೀಲ ಹೊತ್ತು ನಡೆದ. ಕ್ಷಮೆ ಕೇಳಲು ಹೋದರೆ ಗುಂಗುರ ಕೈಯೆತ್ತಿ ತಡೆದ. ಕಾಲೇಜಿನ ಕೊನೆಯ ವರ್ಷ ತಾನು ಅವಳನ್ನು ಮದುವೆಗೆ ಕೇಳಿದ್ದೆನೆಂದೂ, ನಿನ್ನ ಜೊತೆ ಜಗಳವಾಡಲು ಚೆನ್ನ, ಬಾಳಲು ಅಲ್ಲ ಎಂದು ಅವಳು ನಕ್ಕುಬಿಟ್ಟಳೆಂದೂ ಹೇಳಿದ.

“ಈ ರಿಪೇರಿಯನ್ನ ನಾನು ಮನೇಲೇ ಕೂತು ಮಾಡಬಹುದಿತ್ತು,” ಎಂದ. ಅವನ ಮುಖದಲ್ಲಿ ಅಂದು ನಗುವಿರಲಿಲ್ಲ. “ಫೋನ್ ಮಾಡಿದಾಗೆಲ್ಲ ಬೆಲ್ಲಣ್ಣ ಹೀಗಂದ್ರು, ಬೆಲ್ಲಣ್ಣ ಹಾಗಂದ್ರು. ಯಾರಪ್ಪ ಇವನು ಅಂತ ನೋಡೋಕೆ ಬಂದೆ. ಹೊಟ್ಟೆಕಿಚ್ಚು ನಿಮಗೊಬ್ಬರಿಗೇ ಅಂದ್ಕೊಂಡ್ರಾ?”

ಬಸ್ಸು ಹೋದ ಮೇಲೂ ಬೆಲ್ಲಣ್ಣ ಅಲ್ಲೇ ಬಹಳ ಹೊತ್ತು ನಿಂತಿದ್ದ.

ಆ ಶನಿವಾರ ಎರಡೂ ಆಟಗಳು ಒಂದೇ ದಿನ ಆದವು. ಬಿರುಗಾಳಿಯಲ್ಲಿ ನಗಾರಿ ಮೊಳಗುತ್ತಿದ್ದಂತೆ ಹಿಂಬಾಗಿಲು ತೆರೆಯಿತು, ಕಂಬಗಳು ಒಳಗೆ ಜಾರಿದವು. ಮಕ್ಕಳು ಚಪ್ಪಾಳೆ ತಟ್ಟಿ ಹೋದ ಮೇಲೆ ಗುಹೆ ಹೊರಗೆ, ಅರಮನೆ ಒಳಗೆ. ವೇದಿಕೆ ಅರ್ಧ ಸುತ್ತು ತಿರುಗಿತು, ಸೇತುವೆ ಹೊರಗೆ, ಮೆಟ್ಟಿಲು ಒಳಗೆ. ಬೆಲ್ಲಣ್ಣ ಹೆಜ್ಜೆ ಹೆಜ್ಜೆಗೂ ಹಾಳೆ ನೋಡಿ ಕೂಗಿದ, ಎಳೆಯುವವರು ಎಳೆದರು. ಎಲ್ಲ ಮುಗಿದಾಗ ಪ್ರೇಕ್ಷಕರು ಬರಲು ಇನ್ನೂ ಹೊತ್ತಿತ್ತು. ಎಲ್ಲರೂ ಚಹಾಕ್ಕೆ ಹೋದರು.

ಅವಳು ಅರಮನೆಯ ಮೆಟ್ಟಿಲಿಗೆ ಒರಗಿ ಕೂತಿದ್ದಳು. ಅವನು ಹೋಗಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತ. ನಾಳೆ ಹೊರಡುತ್ತೇನೆ ಎಂದಳು. ಬಂದರಿನಲ್ಲಿ ಕೆಲಸ ಸಿಕ್ಕಿದೆಯಂತೆ. ಹಡಗಿನಿಂದ ಇಳಿಸಿದ ಪೆಟ್ಟಿಗೆಗಳನ್ನು ಪೇರಿಸಿ ಇಡುವ ಲೆಕ್ಕ.

“ಅಲ್ಲಿ ನಿಯಮ ಎಲ್ಲ ಹೇಳಿಕೊಡೋರು ಯಾರು?” ಎಂದ ಅವನು.

“ಒಬ್ಬರು ಕ್ರೇನ್ ಆಪರೇಟರ್ ಇದ್ದಾರೆ.”

“ವಯಸ್ಸೆಷ್ಟು?”

ಅವಳು ನೇರ ಮುಂದೆ ನೋಡುತ್ತಲೇ ಇದ್ದಳು. ಆದರೆ ಕೆಳತುಟಿ ಹಲ್ಲಿನಡಿ ಸಿಕ್ಕಿಕೊಂಡಿತ್ತು. “ನಿವೃತ್ತಿ ಹತ್ತಿರ ಇದೆ. ಮೂರು ಮೊಮ್ಮಕ್ಕಳಿರೋ ಅಜ್ಜಿ.”

“ಪರವಾಗಿಲ್ಲ,” ಎಂದ ಬೆಲ್ಲಣ್ಣ.

ನಗು ಅವಳಿಂದ ತಪ್ಪಿಸಿಕೊಂಡು ಖಾಲಿ ಕುರ್ಚಿಗಳವರೆಗೂ ಹೋಯಿತು. ಎಷ್ಟೋ ದಿನದ ಮೇಲೆ ಕೇಳಿದ ನಗು. ಅದು ಮುಗಿದ ಮೇಲೆ ಅವಳು ಅವನ ಕಡೆ ತಿರುಗಿ ಕೂತಳು. ನಡುವಿನ ಜಾಗ ಕಡಿಮೆಯಾಯಿತು.

“ಹೊಟ್ಟೆ ಉರಿದರೆ ಬಾಯಿಬಿಟ್ಟು ಹೇಳಬೇಕು. ಮುಚ್ಚಿಟ್ಟು ಬಾಗಿಲು ಹಾಕಬಾರದು. ಗೊತ್ತಾಯ್ತಾ?”

“ಗೊತ್ತಾಯ್ತು.”

“ಸರಿ, ಈಗ ಒಂದು ನಿಜ ಹೇಳು.”

ಅವನು ಬೆಳಿಗ್ಗೆಯಿಂದ ಜೋಡಿಸಿಟ್ಟುಕೊಂಡಿದ್ದ ದೊಡ್ಡ ದೊಡ್ಡ ಮಾತುಗಳೆಲ್ಲ ಎಲ್ಲಿಗೋ ಹೋದವು. ಅವಳ ಕಣ್ಣು ಅವನ ಮುಖದ ಮೇಲಿತ್ತು.

“ನನಗೆ ನೀನು ಬೇಕು,” ಎಂದ. “ನಿನ್ನನ್ನ ಆ ಬಂದರಿಗೆ ಕಳಿಸೋಕೂ ಮನಸ್ಸಿಲ್ಲ. ಆದ್ರೆ ನೀನು ಹೋಗು. ಇವೆರಡೂ ನಿಜ.”

ಅವಳು ಅವನ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹಗ್ಗ ಎಳೆದು ಕೆಂಪಾದ ಗೆರೆಯ ಮೇಲೆ ಬೆರಳಾಡಿಸಿದಳು.

“ಬಂದರಿನ ಕೆಲಸ ಮೂರು ತಿಂಗಳು,” ಎಂದಳು. “ಆಮೇಲೆ ಎಲ್ಲಿಗೆ ಅಂತ ಆಫೀಸಿನವರು ಕೇಳ್ತಿದ್ದಾರೆ. ಈ ಊರು ಅಂತ ಹೇಳ್ತೀನಿ.”

“ಇದನ್ನ ಬಡಗೀನ ಕೇಳಬೇಕಾಗಿಲ್ವಾ?”

“ಬೇಡ,” ಎಂದು ಅವಳು ಅವನ ಭುಜಕ್ಕೆ ತಲೆಯಾನಿಸಿದಳು. ಅವಳ ಕೂದಲು ಅವನ ಗಲ್ಲಕ್ಕೆ ತಾಗುತ್ತಿತ್ತು. ಇಬ್ಬರೂ ಮೆಟ್ಟಿಲಿಗೆ ಬೆನ್ನುಕೊಟ್ಟು ಹಾಗೇ ಕೂತರು.

ಚಹಾ ಮುಗಿಸಿದವರ ಕಾಲ್ಸಪ್ಪಳ ಕೇಳಿದಾಗ ಇಬ್ಬರೂ ಗಡಬಡಿಸಿ ಎದ್ದರು. ಅವಳು ಎಡಗಡೆಗೆ, ಅವನು ಬಲಗಡೆಗೆ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲವೆಂಬಂತೆ ನಡೆದರು. ಒಳಗೆ ಬಂದ ಬಡಗಿ ನಿಂತಲ್ಲೇ ನಿಂತ. ಬಾಗಿಲಲ್ಲಿ ತರಚಿಹೋದ ಮೆಟ್ಟಿಲಿಗೆ ಅವನು ಆಗಷ್ಟೇ ಬಿಳಿ ಬಣ್ಣ ಬಳಿದು ಹೋಗಿದ್ದ. ಅವಳ ನೀಲಿ ಅಂಗಿಯ ಬೆನ್ನಿಗೆ ಅಡ್ಡಡ್ಡ ಮೂರು ಬಿಳಿ ಪಟ್ಟಿ. ಬೆಲ್ಲಣ್ಣನ ಕಪ್ಪು ಅಂಗಿಯ ಬೆನ್ನಿಗೂ ಅದೇ ಮೂರು.

ಅಕ್ಕ ಬಡಗಿಯ ಹಿಂದಿನಿಂದ ಇಣುಕಿದಳು. ಒಬ್ಬರ ಬೆನ್ನು ನೋಡಿದಳು, ಇನ್ನೊಬ್ಬರ ಬೆನ್ನು ನೋಡಿದಳು. ವಾರದಿಂದ ಮಾತು ಬಿಟ್ಟಿದ್ದವಳು ತಮ್ಮನನ್ನು ಕರೆದಳು.

“ಆ ಅಂಗಿ ಬಿಚ್ಚಿ ಕೊಡೋ, ಬಣ್ಣ ಒಣಗೋ ಮುಂಚೆ ಒರೆಸ್ತೀನಿ.” ಆಮೇಲೆ ಅತ್ತ ತಿರುಗಿ, ದನಿಯನ್ನು ಇನ್ನಷ್ಟು ಮೆತ್ತಗೆ ಮಾಡಿ, “ನೀನೂ ಬಾಮ್ಮ,” ಎಂದಳು.